ಖಾಲಿ ಬಟ್ಟಲು, ಖಾಲಿ ಸೂಜಿ

ಬೆಟಗೇರಿಯ ನಮ್ಮ ಕಾಕಾ ಹೋದ ವಾರ ಅಂಗಿ ತೆಗೆದು ಬೆನ್ನು ತೋರಿಸಿದರು. ಬಲ ಹೆಗಲ ಹಿಂದೆ ನಾಲ್ಕು ದುಂಡನೆಯ ಗುರುತು. ಬಣ್ಣ ಥೇಟ್ ನೇರಳೆ ಹಣ್ಣಿನದು. ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕೂತು ಲಾಳಿ ಓಡಿಸಿದ ಹೆಗಲು ಅದು. ನೋಯದಿದ್ದರೇ ಆಶ್ಚರ್ಯ.

"ನೋಡಪಾ, ಒಳಗಿನ ಹೊಲಸೆಲ್ಲಾ ಮ್ಯಾಲ ಬಂದೈತಿ. ಬಟ್ಟಲಾ ಹಚ್ಚಿ ಜಗ್ಗಿದ್ರು" ಅಂದರು. ನೋವಿಗೆ ಚರ್ಮದ ಮೇಲೆ ಬಟ್ಟಲು ಅಂಟಿಸುವ ಈ ಚಿಕಿತ್ಸೆಗೆ 'ಕಪ್ಪಿಂಗ್' ಅನ್ನುತ್ತಾರೆ. ಬಟ್ಟಲು ಹಚ್ಚಿದ ಫಿಸಿಯೋಥೆರಪಿ ಹುಡುಗನೇ ಹೆಗಲಿಗೆ ಸೂಜಿಯನ್ನೂ ಚುಚ್ಚಿದ್ದ. ಅದರ ಬಗ್ಗೆ ಮಾತ್ರ ಕಾಕಾಗೆ ಸಿಟ್ಟು. "ಸೂಜ್ಯಾಗ ಔಷಧನ ಇರಲಿಲ್ಲ. ಖಾಲಿ ಸೂಜಿಗೆ ರೊಕ್ಕ ಯಾಕ ಕೊಡಬೇಕು?"

ಬಟ್ಟಲು ಏನನ್ನೋ ಹೊರಗೆ ತೆಗೆಯಿತು, ಸೂಜಿ ಏನನ್ನೂ ಒಳಗೆ ಹಾಕಲಿಲ್ಲ. ಇದು ಕಾಕಾನ ಲೆಕ್ಕ. ಎರಡನೆಯದು ಸರಿ. ಮೊದಲನೆಯದು ತಪ್ಪು, ಅದೂ ನನಗೆ ಸುಮ್ನೆ ಕೇಳಿಸಿಕೊಂಡು ಇರಲಾಗದಂಥ ತಪ್ಪು. ಬಟ್ಟಲು ಜಗ್ಗುವುದೇ ಇಲ್ಲ!

ಬಿಸಿ ಸಾರನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ನೋಡಿ. ಆರಿದ ಮೇಲೆ ಮುಚ್ಚಳ ಏನು ಮಾಡಿದರೂ ಬರುವುದಿಲ್ಲ. ಒಳಗಿನಿಂದ ಅದನ್ನು ಯಾರೂ ಹಿಡಿದು ಕೂತಿಲ್ಲ. ಒಳಗಿನ ಗಾಳಿ ಮತ್ತು ಹಬೆ ತಣ್ಣಗಾಗಿ ಒತ್ತಡ ಕಡಿಮೆಯಾಗಿದೆ, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿದಿದೆ, ಅಷ್ಟೇ. ಅವ್ವ ಡಬ್ಬಿಯನ್ನು ಒಲೆಯ ಮೇಲೆ ಒಂದು ಕ್ಷಣ ಹಿಡಿದರೆ ಪಟ್ಟನೆ ಬಿಡುತ್ತದೆ. ಕಾಕಾಗೆ ಹಚ್ಚಿದ್ದೂ ಇದೇ ಡಬ್ಬಿ ಅಂದುಕೊಳ್ಳಿ, ಮುಚ್ಚಳದ ಜಾಗದಲ್ಲಿ ಅವರ ಬೆನ್ನು. ಗಾಜಿನ ಬಟ್ಟಲೊಳಗೆ ಬೆಂಕಿ ಆಡಿಸಿದಾಗ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಬೋರಲು ಹಾಕಿದ ಮೇಲೆ ಉಳಿದ ಗಾಳಿ ಆರುತ್ತದೆ. 130 ಡಿಗ್ರಿಯಿಂದ 30 ಡಿಗ್ರಿಗೆ ಇಳಿದರೆ ಒತ್ತಡ ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ. "ಬೆಂಕಿ ಆಮ್ಲಜನಕವನ್ನು ತಿಂದುಬಿಡುತ್ತದೆ, ಅದಕ್ಕೇ ಎಳೆಯುತ್ತದೆ" ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಉರಿದ ಆಮ್ಲಜನಕದ ಬದಲಿಗೆ ಇಂಗಾಲದ ಡೈಆಕ್ಸೈಡ್, ನೀರಿನ ಹಬೆ ಹುಟ್ಟುತ್ತವಲ್ಲ, ಅದನ್ನು ಯಾರೂ ಹೇಳಲಿಲ್ಲ. ಮುಖ್ಯ ಕೆಲಸ ತಣ್ಣಗಾಗುವುದರದು. ಈಗ ಬಂದಿರುವ ಪ್ಲಾಸ್ಟಿಕ್ ಬಟ್ಟಲಿಗೆ ಬೆಂಕಿಯೂ ಬೇಡ, ಕೈಪಂಪು ಸಾಕು.

ನಮ್ಮ ಕಡೆಯ ರೈತರಿಗೆ ಇದು ಗೊತ್ತಿರುವ ವಿಷಯವೇ. ದಂಡೆಯ ಮೇಲಿಟ್ಟ ಮೋಟರು ಬಾವಿಯ ಆಳದ ನೀರನ್ನು ಎತ್ತುವುದಿಲ್ಲ, ಅದನ್ನು ಒಳಗೇ ಇಳಿಸಬೇಕು. ಯಾಕೆ? ಪಂಪು ನೀರನ್ನು ಎಳೆಯುವುದಿಲ್ಲ. ಹೊರಗಿನ ಗಾಳಿ ನೀರನ್ನು ಒತ್ತಿ ಮೇಲಕ್ಕೆ ಏರಿಸುತ್ತದೆ, ಆ ಗಾಳಿಯ ತಾಕತ್ತು ಸುಮಾರು 10 ಮೀಟರಿಗೆ ಮುಗಿಯುತ್ತದೆ. ಇಟಲಿಯ ಬಾವಿ ತೋಡುವವರೂ ಇದೇ ಮಿತಿಗೆ ತಲೆ ಕೆಡಿಸಿಕೊಂಡಿದ್ದರು. ಗೆಲಿಲಿಯೋಗೂ ಅದು ಬಗೆಹರಿಯಲಿಲ್ಲ. 1640ರ ದಶಕದಲ್ಲಿ ಇಟಲಿಯ ವಿಜ್ಞಾನಿ ಟೊರಿಸೆಲ್ಲಿ ನೀರಿನ ಬದಲು ಅದಕ್ಕಿಂತ ಬಹಳ ಭಾರವಾದ ಪಾದರಸ ಹಿಡಿದು ನೋಡಿದ. ಅದು 76 ಸೆಂಟಿಮೀಟರಿಗೇ ನಿಂತಿತು. ನಾವೆಲ್ಲ ಗಾಳಿಯ ಕೆರೆಯ ತಳದಲ್ಲಿ ಬದುಕಿದ್ದೇವೆ ಅನ್ನುವುದು ಅಲ್ಲಿಂದ ಖಾತ್ರಿಯಾಯಿತು. ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರ. ಗದಗ, ಧಾರವಾಡಗಳು ಸಮುದ್ರಕ್ಕಿಂತ ಎತ್ತರದಲ್ಲಿರುವುದರಿಂದ ನಮಗೆ ಚೂರು ಕಡಿಮೆ.

ಈಗ ಕಾಕಾನ ಬೆನ್ನಿಗೆ ಬನ್ನಿ. 5 ಸೆಂಟಿಮೀಟರ್ ಅಗಲದ ಬಟ್ಟಲು ಅಂದರೆ ಸುಮಾರು 20 ಚದರ ಸೆಂಟಿಮೀಟರ್ ಜಾಗ. ಒತ್ತಡ ಕಾಲು ಭಾಗ ಇಳಿದರೂ ಐದು ಕಿಲೋದಷ್ಟು ವ್ಯತ್ಯಾಸ. ಬಟ್ಟಲಿನ ಹೊರಗಿನ ಮೈಯನ್ನೆಲ್ಲ ಗಾಳಿ ಅದುಮುತ್ತಿರುತ್ತದೆ, ಒಳಗಿನ ಚರ್ಮಕ್ಕೆ ಆ ಅದುಮು ಕಡಿಮೆ. ಚರ್ಮ ಪೂರಿಯ ಹಾಗೆ ಉಬ್ಬುತ್ತದೆ. ಕೂದಲಿಗಿಂತ ತೆಳುವಾದ ರಕ್ತನಾಳಗಳು ಒಡೆದು ರಕ್ತ ಅಲ್ಲೇ ಚರ್ಮದಡಿ ಸೋರುತ್ತದೆ. ಬಾಗಿಲಿಗೆ ಮೊಣಕೈ ಬಡಿದಾಗ ಕಪ್ಪುಗಟ್ಟುತ್ತಲ್ವಾ, ಅದೇ. ಹೊಲಸಲ್ಲ, ಕೆಟ್ಟ ರಕ್ತವೂ ಅಲ್ಲ, ದುಂಡಗಿನ ಪೆಟ್ಟು ಅಷ್ಟೇ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಜಗತ್ತು ನೋಡಿದ್ದೂ ಇದನ್ನೇ. ವಾರದಲ್ಲಿ ಗುರುತು ಹಸಿರಾಗಿ, ಹಳದಿಯಾಗಿ ಮಾಯವಾಗುತ್ತದೆ. ದೇಹ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಅನ್ನು ಒಡೆದು ಮೊದಲು ಹಸಿರು ಬಿಲಿವರ್ಡಿನ್, ಆಮೇಲೆ ಹಳದಿ ಬಿಲಿರುಬಿನ್ ಮಾಡುವಾಗಿನ ಬಣ್ಣಗಳವು. ಕಾಕಾಗೆ ಇದನ್ನು ಹೇಳಿದೆ. "ಹಂಗಾರ ಹೊಲಸು ಇಳೀತು ಅನ್ನು" ಅಂದರು!

ಹೊಲಸನ್ನು ಸೋಸಲು ಯಕೃತ್ತು, ಮೂತ್ರಪಿಂಡ ಇವೆ. ಹೆಗಲಲ್ಲಿ ಅಂಥ ಗೋದಾಮು ಯಾವುದೂ ಇಲ್ಲ. ಚರ್ಮ ಕೊಯ್ದು ಬಟ್ಟಲು ಹಾಕಿ ರಕ್ತ ತೆಗೆಯುವ ಪದ್ಧತಿಯೂ ಇದೆ. ಅಲ್ಲಿ ಬರುವುದು ಮೈಯಲ್ಲಿ ಓಡಾಡುವ ಅದೇ ರಕ್ತ. ಬ್ಲೇಡು ಇನ್ನೊಬ್ಬರಿಗೆ ಬಳಸಿದ್ದಾದರೆ ಹೆಪಟೈಟಿಸ್ ಬಿಟ್ಟಿ ಬರುತ್ತದೆ. ವಿಚಾರ ಹೊಸದೇನಲ್ಲ ಬಿಡಿ. ಸುಶ್ರುತ ಸಂಹಿತೆಯಲ್ಲೇ ಜಿಗಣೆಯ ಜೊತೆಗೆ ಕೊಂಬು ಮತ್ತು ಸೋರೆ ಬುರುಡೆಯಿಂದ ರಕ್ತ ತೆಗೆಯುವ ಮಾತಿದೆ. ಕೊಂಬನ್ನು ಬಾಯಿಯಿಂದ ಹೀರುವುದು, ಬುರುಡೆಯೊಳಗೆ ದೀಪ ಇಡುವುದು. ಗಾಳಿಗೆ ತೂಕವಿದೆ ಅಂತ ಗೊತ್ತಾಗುವ ಎಷ್ಟೋ ಮೊದಲು ಯಾರೋ ದೀಪದಿಂದ ಬುರುಡೆ ಅಂಟಿಸಿದ್ದರಲ್ಲ, ಆ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಅವರ ವಿವರಣೆ ಮಾತ್ರ ನನಗೆ ಬೇಡ.

ಸೂಜಿಯ ಕಥೆ ಇನ್ನೂ ಮಜಾ. ಅಮೆರಿಕದ ಅಧ್ಯಕ್ಷ ಕೆನಡಿಗೆ ಬೆನ್ನುನೋವು. ಅವರ ವೈದ್ಯೆ ಜಾನೆಟ್ ಟ್ರಾವೆಲ್ ನೋವಿನ ಗಂಟುಗಳಿಗೆ, ಅಂದರೆ ಸ್ನಾಯುವಿನಲ್ಲಿ ಅದುಮಿದರೆ ನೋಯುವ ಬಿಗಿಯಾದ ಜಾಗಗಳಿಗೆ, ಮರಗಟ್ಟಿಸುವ ಪ್ರೊಕೇಯ್ನ್ ಔಷಧ ಚುಚ್ಚುತ್ತಿದ್ದರು. 1979ರಲ್ಲಿ ಝೆಕ್ ವೈದ್ಯ ಕಾರೆಲ್ ಲೆವಿಟ್ 241 ರೋಗಿಗಳ ವಿವರ ಪ್ರಕಟಿಸಿ, ಔಷಧವಿಲ್ಲದ ಸೂಜಿಯೂ ಸಾಕು ಎಂದರು. ಚುಚ್ಚಿದ ಜಾಗಗಳ ಪೈಕಿ ಸುಮಾರು ಶೇಕಡಾ 87ರಲ್ಲಿ ನೋವು ತಕ್ಷಣವೇ ಇಳಿಯಿತಂತೆ. ಅದಕ್ಕೇ ಈ ಚಿಕಿತ್ಸೆಗೆ 'ಡ್ರೈ ನೀಡ್ಲಿಂಗ್', ಅಂದರೆ ಒಣ ಸೂಜಿ ಅನ್ನುವ ಹೆಸರು. ಅಕ್ಯುಪಂಕ್ಚರಿನ ಸೂಜಿಯಂತೆಯೇ ತೆಳ್ಳಗೆ, ನಡುವೆ ತೂತಿಲ್ಲ. ಚುಚ್ಚುವ ಜಾಗದ ಲೆಕ್ಕ ಮಾತ್ರ ಬೇರೆ. ಸರಿಯಾಗಿ ತಾಗಿದರೆ ಸ್ನಾಯು ಮೀನಿನ ಹಾಗೆ ಪಟಕ್ಕನೆ ಅದುರುತ್ತದೆ. ಆದರೆ ಆ 'ಗಂಟು' ನಿಜಕ್ಕೂ ಏನು ಅನ್ನುವ ಬಗ್ಗೆ ವೈದ್ಯರಲ್ಲೇ ಇನ್ನೂ ಜಗಳವಿದೆ.

ನೋವು ಇಳಿಯುವುದಕ್ಕೆ ಒಂದು ಒಳ್ಳೆಯ ವಿವರಣೆ ನರಗಳದು. ಮೊಣಕಾಲು ಬಡಿದಾಗ ನಾವು ತಿಕ್ಕಿಕೊಳ್ಳುತ್ತೇವಲ್ಲ, ಆ ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇದನ್ನು 'ಗೇಟ್' ಎಂದು ಕರೆದರು. ಒಂದು ಹೊಸ ನೋವು ಹಳೆಯದನ್ನು ಮಂಕು ಮಾಡುವುದೂ ಉಂಟು. ಮಗ್ಗದ ಸದ್ದಿನಲ್ಲಿ ಪಕ್ಕದವರ ಮಾತು ಕೇಳದಲ್ಲ, ಹಾಗೆ.

ಪರೀಕ್ಷೆಗಳು ಏನು ಹೇಳುತ್ತವೆ? ಬಟ್ಟಲು, ಸೂಜಿ ಎರಡರಿಂದಲೂ ಕೆಲವರಿಗೆ ಕೆಲವು ದಿನ, ಕೆಲವು ವಾರ ಹಗುರಾಗುತ್ತದೆ. ಹುಸಿ ಸೂಜಿಯ, ಅಂದರೆ ನಿಜವಾದ ಚಿಕಿತ್ಸೆಯಂತೆ ಕಾಣುವ ಸುಳ್ಳು ಸೂಜಿಯ ಜೊತೆ ಹೋಲಿಸಿದಾಗ ಲಾಭ ಸಣ್ಣದಾಗುತ್ತದೆ. ಹುಸಿ ಬಟ್ಟಲು ಮಾಡುವುದೇ ಕಷ್ಟ, ಗುರುತು ಗುಟ್ಟು ಬಿಟ್ಟುಕೊಡುತ್ತದೆ. ಹೆಗಲ ಅಡಿಯಲ್ಲೇ ಪುಪ್ಪುಸದ ತುದಿ ಇದೆ. ಸೂಜಿ ಆಳಕ್ಕೆ ಹೋದರೆ ಅದಕ್ಕೇ ತೂತು ಬೀಳಬಹುದು. ಚುಚ್ಚಿಸಿಕೊಂಡ ಮೇಲೆ ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಎರಡಕ್ಕೂ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು.

ಕಾಕಾನ ಚೀಟಿ ತಿರುಗಿಸಿ ನೋಡಿದೆ. ಹಿಂದೆ ಪೆನ್ನಿನಲ್ಲಿ ಬರೆದಿತ್ತು: ಅರ್ಧ ಗಂಟೆಗೊಮ್ಮೆ ಮಗ್ಗದಿಂದ ಏಳಬೇಕು, ದಿನಾ ಎರಡು ಸಲ ಹೆಗಲ ವ್ಯಾಯಾಮ. ಇದಕ್ಕೆ ರೊಕ್ಕ ತಗೊಂಡಿರಲಿಲ್ಲ.

"ಕಾಕಾ, ಇದನ್ನ ಮಾಡತೀರೋ ಇಲ್ಲೋ?"

"ಅರ್ಧ ತಾಸಿಗೊಮ್ಮೆ ಎದ್ದು ನಿಂತರ ಸೀರಿ ಯಾವಾಗ ಮುಗಸೂದಪಾ?" ಅಂದು ಅಂಗಿ ಹಾಕಿಕೊಂಡರು.