ಬೆಂಗಳೂರಿನ ಚರಂಡಿಯೂ ಕಾವೇರಿಯ ಲೆಕ್ಕದಲ್ಲಿದೆ

ಕಾವೇರಿ ತಮಿಳುನಾಡಿಗೆ ದಾಟುವ ಗಡಿಯಲ್ಲಿ ನೀರು ಅಳೆಯುವ ಜಾಗ ಬಿಳಿಗುಂಡ್ಲು. ಆ ಹೆಸರು ಕೇಳದ ಕನ್ನಡಿಗರು ಕಡಿಮೆ. ಕೇಂದ್ರ ಜಲ ಆಯೋಗದವರು ಅಲ್ಲಿ ನೀರನ್ನು ಹೇಗೆ ಅಳೆಯುತ್ತಾರೆ ಅಂತ ಗೊತ್ತಿರುವವರು ಇನ್ನೂ ಕಡಿಮೆ. ದಡದಲ್ಲಿ ಅಳತೆಯ ಗುರುತು ಹಾಕಿದ ಕಂಬಗಳಿರುತ್ತವೆ. ಅವುಗಳಲ್ಲಿ ಮಟ್ಟ ನೋಡಿ ಬರೆದುಕೊಳ್ಳುತ್ತಾರೆ. ವೇಗ ತಿಳಿಯಲು ಪುಟ್ಟ ಬಟ್ಟಲುಗಳ ಚಕ್ರವಿರುವ ಉಪಕರಣವನ್ನು ನೀರಿಗೆ ಇಳಿಬಿಡುತ್ತಾರೆ. ಹರಿವು ಜೋರಾದಷ್ಟೂ ಅದು ಜೋರಾಗಿ ತಿರುಗುತ್ತದೆ. ಆಳ, ಅಗಲ, ವೇಗ ಸೇರಿದರೆ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಅನ್ನುವುದು ಸಿಕ್ಕಿತು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಧಾರಣ ಮಳೆಯ ವರ್ಷದಲ್ಲಿ ಇಲ್ಲಿ 177.25 ಟಿಎಂಸಿ ದಾಟಬೇಕು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಆಗಸ್ಟ್‌ನಲ್ಲಿ 45.95, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಬರೀ 2.5.

ನೀರಿನ ಲೆಕ್ಕ ಹಾಕುವ ಕೆಲಸದವನಿಗೆ ಈ ಬೇಸಿಗೆಯ 2.5ರ ಮೇಲೇ ಕಣ್ಣು. ಅದರಲ್ಲಿ ಯಾವ ನೀರು ಎಷ್ಟಿದೆ?

ಬೆಂಗಳೂರು ದಿಬ್ಬದ ಮೇಲಿರುವ ಊರು. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುತ್ತೇವೆ. 2024ರಲ್ಲಿ ಐದನೇ ಹಂತ ಸೇರಿದ ಮೇಲೆ ಯೋಜನೆಯ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್, ವರ್ಷಕ್ಕೆ 28 ಟಿಎಂಸಿಗೂ ಜಾಸ್ತಿ. ಕುಡಿಯುವ ನೀರಿನಲ್ಲಿ ನಿಜವಾಗಿ ಖರ್ಚಾಗುವುದು ಶೇ. 20 ಅಂತ ಕಾವೇರಿ ಜಲವಿವಾದ ನ್ಯಾಯಮಂಡಳಿ ಹಿಡಿದಿತ್ತು. ಉಳಿದದ್ದು ಬಚ್ಚಲಿನಿಂದ ಚರಂಡಿಗೆ. ಕೋರಮಂಗಲದ ಕಡೆಯದು ಬೆಳ್ಳಂದೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಹೊಸೂರಿನ ಹತ್ತಿರದ ಕೆಲವರಪಳ್ಳಿ ಜಲಾಶಯಕ್ಕೆ. ವಿಜಯನಗರದ ಕಡೆಯದು ವೃಷಭಾವತಿಗೆ, ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಮತ್ತೆ ಕಾವೇರಿಗೆ. ಸಂಗಮ ಇರುವುದು ಬಿಳಿಗುಂಡ್ಲುವಿಗಿಂತ ಮೇಲೆ!

ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಅನ್ನುವುದು ನ್ಯಾಯಮಂಡಳಿಯ ಲೆಕ್ಕ. ಅಷ್ಟೇ ಹಿಡಿದರೂ ತಿಂಗಳಿಗೆ ಅರ್ಧ ಟಿಎಂಸಿಗಿಂತ ಜಾಸ್ತಿ ಕೊಳಚೆ ನೀರು ಅರ್ಕಾವತಿ ದಾರಿ ಹಿಡಿಯುತ್ತದೆ. ಎಲ್ಲವೂ ಗಡಿ ಮುಟ್ಟುವುದಿಲ್ಲ. ಬೈರಮಂಗಲ ಕೆರೆಯ ಕೆಳಗಿನ ಹೊಲಗದ್ದೆಗಳು ಅದನ್ನೇ ಕುಡಿಯುತ್ತವೆ. ಮುಟ್ಟಿದಷ್ಟು ತಮಿಳುನಾಡಿಗೆ ಕೊಟ್ಟ ನೀರು ಅಂತ ಜಮೆ ಆಗುತ್ತದೆ. ನೀರಿನ ಗುಣಮಟ್ಟದ ಪರೀಕ್ಷೆಯೂ ನಡೆಯುತ್ತದೆ, ಆದರೆ ಹಂಚಿಕೆಗೆ ಅದು ಲೆಕ್ಕಕ್ಕಿಲ್ಲ. ಕೆಳಗಿನವರ ಸಿಟ್ಟಿನಲ್ಲಿ ಇದೂ ಒಂದು ಪಾಲು, ಅದು ನ್ಯಾಯವೂ ಹೌದು.

ಜೂನ್ ಜಗಳದ ಕಥೆ ಬೇರೆ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟು ತೆರೆಯುವ ವಾಡಿಕೆಯ ದಿನ ಜೂನ್ 12. ಅಲ್ಲಿನ ಕುರುವೈ ಅನ್ನುವ ಅಲ್ಪಾವಧಿ ಭತ್ತದ ಬೆಳೆಗೆ ಅದು ಬೇಕು. ಆ ಹೊತ್ತಿಗೆ ಕೊಡಗಿನ ಮಳೆ ಇನ್ನೂ ಕಾಲೂರಿರುವುದಿಲ್ಲ. ತಮಿಳುನಾಡಿನ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಕೋರ್ಟ್ ಗಣನೆಗೆ ತೆಗೆದುಕೊಂಡಿದ್ದು ನನ್ನ ಪ್ರಕಾರ ಸರಿಯಾದ ದಾರಿ. ನೆಲದಡಿಯ ನೀರು ಲೆಕ್ಕಕ್ಕೆ ಬಂದ ಮೇಲೆ ಚರಂಡಿಯದೂ ಬರಬೇಕು. ಕರ್ನಾಟಕದ ಕಾವೇರಿ ಕಣಿವೆಯ ನಾಲ್ಕು ಜಲಾಶಯಗಳ ಮಟ್ಟ ನೋಡಿ ವಾದ ಮಾಡಿದರೆ ಸಾಲದು.

ಯಾಕೆ ಅಂದರೆ, ನಗರದ ಚರಂಡಿ ನೀರನ್ನು ಎತ್ತ ತಿರುಗಿಸುತ್ತೇವೆ ಅನ್ನುವುದು ಈಗ ಎರಡು ರಾಜ್ಯಗಳ ವಿಷಯ. ಕೋರಮಂಗಲ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ವೃಷಭಾವತಿಯದನ್ನೂ ನೆಲಮಂಗಲ, ತುಮಕೂರಿನ ಕಡೆಗೆ ಏರಿಸುವ ಯೋಜನೆ ಇದೆ. ಕೆರೆ ತುಂಬುವುದು ಒಳ್ಳೆಯದೇ. ಆದರೆ ಅಷ್ಟು ನೀರು ಅರ್ಕಾವತಿಯಲ್ಲಿ ಕಮ್ಮಿಯಾದರೆ, ಏಪ್ರಿಲ್‌ನ 2.5 ಟಿಎಂಸಿ ತುಂಬಿಸಲು ಕೆಆರ್‌ಎಸ್‌ನಿಂದ ಜಾಸ್ತಿ ಬಿಡಬೇಕಾಗುತ್ತದೆ. ಮಂಡ್ಯದ ರೈತರಿಗೆ ಇದನ್ನು ಈಗಲೇ ಹೇಳಬೇಕು, ಅಲ್ವಾ?