ಬರೆ ಯಾಕೆ ಜರಿಯುತ್ತದೆ?

ಆಗಸ್ಟ್ ಬಂತೆಂದರೆ ಕೊಡಗಿನಲ್ಲಿ ಎರಡು ಮಾತು ಮತ್ತೆ ಶುರು. ಕಾವೇರಮ್ಮ ಮುನಿದಿದ್ದಾಳೆ ಅನ್ನುವುದು ಒಂದು. ಭೂಮಿ ನಡುಗಿದ್ದಕ್ಕೇ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಜರಿಯಿತು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದನ್ನು ಕ್ಯಾಲೆಂಡರೇ ಸುಳ್ಳು ಮಾಡುತ್ತದೆ. 2018ರಲ್ಲಿ ಭೂಮಿ ನಡುಗಿದ್ದು ಜುಲೈನಲ್ಲಿ. ಮಕ್ಕಂದೂರು, ಜೋಡುಪಾಲದ ಗುಡ್ಡ ಜಾರಿದ್ದು ಆಗಸ್ಟ್ ಮಧ್ಯದಲ್ಲಿ, ಬಿಡದೆ ಹೊಯ್ದ ಮಳೆಗೆ. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಅವೂ ಆಗಸ್ಟ್, ಅವೂ ಮಳೆ.

ನೀರಿನ ಭಾರಕ್ಕೆ ಮಣ್ಣು ಜಾರುತ್ತದೆ ಅಂತಾರೆ. ಭಾರ ಇರುವುದು ನಿಜ. ತೋಟಗಳಲ್ಲಿ ಮಳೆಯನ್ನು ಇಂಚಿನಲ್ಲೇ ಅಳೆಯುತ್ತಾರಲ್ಲ, ಎಕರೆಗೆ 1 ಇಂಚು ಬಿದ್ದರೆ ಸುಮಾರು 1 ಲಕ್ಷ ಲೀಟರ್, ಅಂದರೆ 100 ಟನ್! ಆದರೆ ಅಸಲಿ ಆಟ ಇರುವುದು ಮಣ್ಣಿನ ಕಣಗಳ ಸಂದಿಯಲ್ಲಿ.

ಮಕ್ಕಳು ಗುಬ್ಬಿಗೂಡು ಕಟ್ಟುವುದು ಹಸಿ ಮರಳಲ್ಲಿ. ಕೊಂಚ ತೇವವಿದ್ದಾಗ ನೀರೇ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಮೇಲೊಂದು ಚೊಂಬು ನೀರು ಸುರಿಯಿರಿ, ಗೂಡು ಕುಸಿಯುತ್ತದೆ. ಸಂದಿಗಳೆಲ್ಲ ತುಂಬಿದ ಮೇಲೆ ಆ ಹಿಡಿತ ಹೋಯಿತು. ಇನ್ನೂ ನೀರು ಇಳಿದರೆ ಒತ್ತಡ ಏರಿ ಕಣಗಳನ್ನು ದೂರ ತಳ್ಳುತ್ತದೆ. ಇಳಿಜಾರು ನಿಂತಿರುವುದೇ ಕಣಗಳ ತಿಕ್ಕಾಟದಿಂದ. ಮೇಲಿನ ಮಣ್ಣು ಅದುಮಿದಷ್ಟೂ ತಿಕ್ಕಾಟ ಜಾಸ್ತಿ. ಈಗ ಆ ಭಾರದಲ್ಲಿ ಒಂದು ಪಾಲನ್ನು ನೀರು ಹೊತ್ತುಕೊಳ್ಳುತ್ತದೆ. ನೋಡಲು ಉಪಕಾರವೇ, ಆದರೆ ನಿಂತ ನೀರಿಗೆ ತಿಕ್ಕಾಟ ಎಲ್ಲಿಂದ ಬರಬೇಕು? ಈ ಲೆಕ್ಕವನ್ನು ಬಿಡಿಸಿದವರು ಎಂಜಿನಿಯರ್ ಕಾರ್ಲ್ ಟೆರ್ಜಾಗಿ. 1920ರ ಆಸುಪಾಸು ಇಸ್ತಾಂಬುಲ್‌ನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ, ಗುಜರಿ ಸಾಮಾನಿನಲ್ಲೇ ಉಪಕರಣ ಕಟ್ಟಿಕೊಂಡು ಮಣ್ಣನ್ನು ಹಿಂಡಿ ನೋಡಿದ ಪುಣ್ಯಾತ್ಮ.

ಕೊಡಗಿನ ಗುಡ್ಡಗಳಲ್ಲಿ ಬಂಡೆಯೇ ಶಿಥಿಲವಾಗಿ ದಪ್ಪ ಮಣ್ಣಾಗಿದೆ. ಅದರಡಿ ಗಟ್ಟಿ ಕಲ್ಲು. ಇಳಿದ ನೀರು ಅಲ್ಲಿ ತಡೆದು ನಿಲ್ಲುತ್ತದೆ. ಇತ್ತ ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತಿ, ತಣ್ಣಗಾಗಿ ಮಳೆ ಸುರಿಸುತ್ತದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹೊರಬಲ್ಲದು. ಸಾಲದ್ದಕ್ಕೆ ನಾವು ಜೆಸಿಬಿ ತಂದು, ಮನೆಗೋ ಹೋಂಸ್ಟೇಗೋ ಅಂತ ಬರೆಯ ಬುಡವನ್ನೇ ಕಡಿಯುತ್ತೇವೆ. ಮೇಲಿನ ಮಣ್ಣಿಗೆ ಆಸರೆಯಾಗಿದ್ದ ಜಾಗವೇ ಅದು, ಅಲ್ವಾ?

ಜೋರು ಮಳೆಯಲ್ಲಿ ಮನೆ ಹಿಂದಿನ ಬರೆಯ ಮೇಲೆ ಹೊಸ ಬಿರುಕು, ವಾಲಿದ ಸಿಲ್ವರ್ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ಕಂಡರೆ ಸುಮ್ನೆ ಕೂರಬೇಡಿ, ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಲೂ ಹೋಗಬೇಡಿ. ಮನೆ ಬಿಟ್ಟು ಹೊರಡಿ. ಬಿರುಕು ಮುಚ್ಚುವ ಕೆಲಸ ಮಳೆ ನಿಂತ ಮೇಲೆ ನೋಡಿಕೊಂಡರಾಯಿತು.