ಕಾಂತಕ್ಕೆ ಯಾವ ದಿಕ್ಕು ಇಷ್ಟ?

ಕುದುರೆಮುಖದ ಅದಿರಿನ ತುಂಡಿಗೆ ಆಯಸ್ಕಾಂತ ಹಿಡಿದರೆ ಟಕ್ಕನೆ ಅಂಟುತ್ತದೆ. ಅದು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದರೆ ಚಿಕ್ಕಮಗಳೂರಿನಲ್ಲಿ ಭೌತಶಾಸ್ತ್ರ ಓದುವ ಹುಡುಗರಿಗೆ ಆಕ್ಸೈಡ್ ಕಾಂತದ ಕಥೆ ಹೇಳುವಾಗ ನಾನು ಈಗಲೂ ಅಲ್ಲಿಂದಲೇ ಶುರು ಮಾಡುತ್ತೇನೆ. ಅವರು ಎಡವುವುದು ಮಾತ್ರ ಒಂದೇ ಪದಕ್ಕೆ: ಅನಿಸೊಟ್ರೊಪಿ.

ಸೌದೆ ಸೀಳುವಾಗ ನಾರಿನ ಉದ್ದಕ್ಕೆ ಕೊಡಲಿ ಬಿದ್ದರೆ ಸಲೀಸು, ಅಡ್ಡ ಬಿದ್ದರೆ ಕಷ್ಟ, ಅಲ್ವಾ? ಕಾಂತಕ್ಕೂ ಹಾಗೇ ಸಲೀಸಾದ ದಿಕ್ಕು ಇರುತ್ತದೆ, ಆ ದಿಕ್ಕಿನ ಒಲವೇ ಅನಿಸೊಟ್ರೊಪಿ. ಸ್ಪಿಂಟ್ರಾನಿಕ್ಸ್ ಮೆಮೊರಿಯಲ್ಲಿ, ಅಂದರೆ ಮಾಹಿತಿಯನ್ನು ಕಾಂತದ ದಿಕ್ಕಿನಲ್ಲಿ ಬರೆದಿಡುವ ಮೆಮೊರಿಯಲ್ಲಿ, 0 ಮತ್ತು 1 ಉಳಿಯುವುದು ಆ ಒಲವಿನಿಂದ. ಒಲವು ಕಡಿಮೆಯಾದರೆ ಬರೀ ಶಾಖಕ್ಕೇ ಬರೆದದ್ದು ಅಳಿಸಿಹೋಗುತ್ತದೆ, ಜಾಸ್ತಿಯಾದರೆ ಬರೆಯುವುದೇ ಕಷ್ಟ.

1950ರಲ್ಲಿ ಯೋಂಕರ್ ಮತ್ತು ವಾನ್ ಸಾಂಟೆನ್ ಮ್ಯಾಂಗನೈಟ್ ಎಂಬ, ಮ್ಯಾಂಗನೀಸ್ ಇರುವ ಆಕ್ಸೈಡ್‌ಗಳ ಕಾಂತಗುಣ ತೋರಿಸಿದರು, 1988ರಲ್ಲಿ ಲೋಹದ ಪದರಗಳಲ್ಲಿ ದೈತ್ಯ ಕಾಂತರೋಧ (ಕಾಂತಕ್ಷೇತ್ರಕ್ಕೆ ವಿದ್ಯುತ್ ರೋಧ ತುಂಬಾ ಬದಲಾಗುವುದು) ಸಿಕ್ಕಿತು, 1994ರಲ್ಲಿ ಮ್ಯಾಂಗನೈಟ್ ಪದರದಲ್ಲಿ ಅದಕ್ಕಿಂತಲೂ ಎಷ್ಟೋ ಪಟ್ಟು ದೊಡ್ಡ ಬದಲಾವಣೆ ಕಂಡಿತು. ಆದರೆ ಅದಕ್ಕೆ ಬೇಕಾದದ್ದು 77 ಕೆಲ್ವಿನ್ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್) ಚಳಿ, 6 ಟೆಸ್ಲಾ ಕಾಂತಕ್ಷೇತ್ರ. ಆಗ ಎಲ್ಲರೂ ದೊಡ್ಡ ಅಂಕಿಯ ಹಿಂದೆ ಹೋದರು. ದಿಕ್ಕಿನ ಪ್ರಶ್ನೆ ಹಿಂದೆ ಬಿತ್ತು, ಅದು ನಷ್ಟವೇ ಅಂತ ನನಗನ್ನಿಸುತ್ತದೆ.

ಯಾಕೆಂದರೆ ನಿಜವಾದ ಸ್ವಾರಸ್ಯ ಇರುವುದು ಪದರದ ಕೆಳಗೆ. ಲ್ಯಾಂಥನಮ್, ಸ್ಟ್ರಾನ್ಷಿಯಮ್ ಸೇರಿದ ಮ್ಯಾಂಗನೈಟನ್ನು ಸ್ಟ್ರಾನ್ಷಿಯಮ್ ಟೈಟನೇಟ್ ಹರಳಿನ ಮೇಲೆ ಬೆಳೆಸಿದರೆ ಪದರ ಶೇ. 1ಕ್ಕಿಂತ ಕಡಿಮೆ ಹಿಗ್ಗುತ್ತದೆ, ಅಷ್ಟಕ್ಕೇ ಕಾಂತತೆ ಪದರದೊಳಗೆ ಮಲಗುತ್ತದೆ. ಅದನ್ನೇ ಲ್ಯಾಂಥನಮ್ ಅಲ್ಯುಮಿನೇಟ್ ಮೇಲೆ ಬೆಳೆಸಿ, ಪದರ ಸುಮಾರು ಶೇ. 2ರಷ್ಟು ಕುಗ್ಗುತ್ತದೆ, ಕಾಂತತೆ ನೆಟ್ಟಗೆ ನಿಲ್ಲಲು ನೋಡುತ್ತದೆ. ಹರಳನ್ನು ಕೊಂಚ ಓರೆಯಾಗಿ ಕತ್ತರಿಸಿದರೆ ಮಲೆನಾಡಿನ ಗದ್ದೆಗಳ ಹಾಗೆ ಪರಮಾಣು ಎತ್ತರದ ಮೆಟ್ಟಿಲುಗಳಾಗುತ್ತವೆ, ಆ ಮೆಟ್ಟಿಲಿನ ಅಂಚಿನ ಉದ್ದಕ್ಕೇ ಕಾಂತತೆ ಒರಗುತ್ತದೆ! ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಫಲಿತಾಂಶ ಬೇರೆ. ಹಾಗಾಗಿ ಎರಡು ಲ್ಯಾಬುಗಳ ಅಂಕಿ ತಾಳೆಯಾಗದಿದ್ದರೆ ಸುಮ್ನೆ ಯಾರನ್ನೋ ದೂರಬೇಕಿಲ್ಲ. ಆದರೆ ಪದರದ ದಪ್ಪ ಬರೆದು, ಹರಳಿನ ಓರೆ ಎಷ್ಟು ಅಂತ ಬರೆಯದೆ ಬಿಟ್ಟರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಮಾರುಕಟ್ಟೆ ಲೋಹದ ಕಡೆ ಹೋಯಿತು. 2004ರಲ್ಲಿ ಎರಡು ಲೋಹದ ಕಾಂತಗಳ ನಡುವೆ ಇಟ್ಟ ಮೆಗ್ನೀಷಿಯಮ್ ಆಕ್ಸೈಡ್ ತಡೆಪದರ ಕೋಣೆಯ ಉಷ್ಣಾಂಶದಲ್ಲೇ ವಿದ್ಯುತ್ ರೋಧದಲ್ಲಿ ಶೇ. 200ರ ಆಸುಪಾಸು ಬದಲಾವಣೆ ಕೊಟ್ಟಿತು. 2010ರಲ್ಲಿ ಅದೇ ತಡೆಪದರಕ್ಕೆ ತಾಗಿದ 1.3 ನ್ಯಾನೋಮೀಟರ್ ಕೋಬಾಲ್ಟ್-ಕಬ್ಬಿಣ-ಬೋರಾನ್ ಪದರದಲ್ಲಿ ಕಾಂತತೆ ನೆಟ್ಟಗೆ ನಿಂತಿತು. ಅಲ್ಲಿ ನಿಲ್ಲಿಸಿದ್ದು ಕಬ್ಬಿಣ ಮತ್ತು ಆಮ್ಲಜನಕದ ನಂಟು. ಕಾಂತವಾಗಿ ಗೆಲ್ಲದ ಆಕ್ಸೈಡ್ ಪಕ್ಕದ ಮನೆಯವನಾಗಿ ಗೆದ್ದಿತು.

ಲ್ಯಾಂಥನಮ್, ಸ್ಟ್ರಾನ್ಷಿಯಮ್ ಸೇರಿದ ಆ ಮ್ಯಾಂಗನೈಟ್ ದಪ್ಪವಾಗಿದ್ದಾಗ ಸುಮಾರು 97 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಂತವಾಗಿಯೇ ಇರುತ್ತದೆ. ಕೆಲವೇ ನ್ಯಾನೋಮೀಟರಿಗೆ ತೆಳುವಾದರೆ ಆ ಮಿತಿ ಕೆಳಗೆ ಜಾರುತ್ತದೆ. ಈಗ ಅದರ ನಡುನಡುವೆ ಇರಿಡಿಯಮ್ ಇರುವ ಆಕ್ಸೈಡ್ ಪದರ ಹಾಕಿ ದಿಕ್ಕನ್ನು ತಿರುಗಿಸುತ್ತಿದ್ದಾರೆ. ದಿಕ್ಕು ಮಾತು ಕೇಳುತ್ತಿದೆ, ಬಿಸಿಯ ಮಿತಿ ಇನ್ನೂ ಕೇಳಿಲ್ಲ.